ಯಮಹಾದ ಹಳೇ ಶಾಕಪ್

ಅಣ್ಣಾ,

ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೀನಿ, ಉಣ್ಣು. ನಾ ಹುಮನಾಬಾದಕ್ಕ ಡ್ಯೂಟಿಗಿ ಹೊಂಟೀನಿ.

ಉಂಡಮ್ಯಾಲ ಯಮಹಾದ ಹಿಂದಿನ ಗಾಲಿಗಿ ಹಳೇ ಶಾಕಪ್ ತಿರುಗಿ ಹಾಕು. ಮಂಚದ ಕೆಳಗ ಅವ.

ಹ್ಯಾಂಡಲ್ ತಗ್ಗಿಸಿ, ಉದ್ದನ್ನ ಶಾಕಪ್ ಹಾಕಿ ಹಿಂದ ಎತ್ತಿದರ ಹಳೇ ಗಾಡಿ ಜಿಗಿಯಾಕ ನಿಂತಂಗ ಕಾಣ್ತದ ಅಂದಿದ್ದಿ. ಖರೇ, ಛಂದ ಕಾಣ್ತದ. ಆದರ ಅಪ್ಪನ ಕಾಲು ಈಗ ನೆಲಕ್ಕ ಮುಟ್ಟಂಗಿಲ್ಲ. ಮಾಣಿಕನಗರದಾಗ ಉಸುಕಿನ ಮ್ಯಾಲ ಜಾರಿ ಬಿದ್ದೆ ಅಂತ ನಿನಗ ಸುಳ್ಳು ಹೇಳ್ಯಾನ. ನಾ ಹಿಂದ ಕುಂತಿದ್ದೆ, ಅಲ್ಲಿ ಉಸುಕೇ ಇದ್ದಿಲ್ಲ. ಆಟೋ ಅಡ್ಡ ಬಂತು, ಗಾಡಿ ನಿಂದ್ರಿಸಿದ, ಕಾಲಿಗೆ ನೆಲ ಸಿಗಲಿಲ್ಲ.

ನಾ ಹೇಳಿದ್ದು ಅವಗ ಗೊತ್ತಾಗಬಾರದು.

ಬಾಗಲದಾಗ ಅವನ ಚಪ್ಪಲಿ ಅವ, ತಿರುವಿ ನೋಡು. ನಿನಗ ಒಂದ್ ಮಾತೂ ಅನಲಾರದ, ತಳಕ್ಕ ದಪ್ಪನ್ನ ಟೈರು ಹೊಡಿಸಿಕೊಂಡು ಬಂದಾನ.

ರತ್ನಾ