ಮನೆಯವರು ಮಾತ್ರ

ನರಿಮೊಗರು
೧೪ ಮೇ ೨೦೨೫

ಪ್ರೀತಿಯ ಕಮಲಾ,

ನೀನೂ ಪದ್ಮಯ್ಯಣ್ಣನೂ ಕ್ಷೇಮವೆಂದು ನಂಬಿದ್ದೇನೆ. ಗಂಡನ ಮನೆಗೆ ಯಶಸ್ವಿ ಹೊಂದಿಕೊಂಡಳೇ? ಫೋನಿನಲ್ಲಿ ಮಾತಾಡಲು ಹೊರಟರೆ ನಂಬರು ಒತ್ತಿ ನಾನೇ ಕಟ್ ಮಾಡುತ್ತೇನೆ. ಅದಕ್ಕೇ ಅವಳಿಗೆಂದು ತಂದಿಟ್ಟ ಸೀರೆಯ ಜೊತೆ ಈ ಕಾಗದ.

ಮಗಳ ಮದುವೆಯನ್ನು ಸಿಂಪಲ್ ಆಗಿ ಮಾಡುದು, ಮನೆಯವರು ಮಾತ್ರ, ಬೇಜಾರು ಮಾಡ್ಬೇಡ ಮಾರಾಯ್ತಿ ಎಂದು ನೀನು ಹೇಳಿದಾಗ ನನಗೆ ನಿಜವಾಗಿಯೂ ಬೇಜಾರಾಗಲಿಲ್ಲ. ಊರಿಗೆಲ್ಲ ತೋರಿಸಿಕೊಳ್ಳುವ ಹುಚ್ಚು ನಮ್ಮ ಕಮಲಳಿಗಿಲ್ಲ ಎಂದು ಮನೆಯಲ್ಲಿ ಹೊಗಳಿದ್ದೆ. ಮೊನ್ನೆ ತವರಿಗೆ ಬಂದ ಶಿಫಾ ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಸುಳ್ಯದ ದೊಡ್ಡ ಹಾಲ್ ತುಂಬಿ ಹೋಗಿದೆ. ನಮ್ಮ ಹೈಸ್ಕೂಲಿನ ಗೆಳತಿಯರೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದಾರೆ. ನಾನೊಬ್ಬಳು ಇಲ್ಲ.

ಶಿಫಾಳ ನಿಖಾಹ್ ನಿನಗೆ ನೆನಪಿರಬೇಕು. ಅವಳ ಅಪ್ಪ ತೀರಿಕೊಂಡ ವರ್ಷ. ಸರಳವಾಗಿ ಮಾಡುವುದೆಂದು ನನ್ನ ಸ್ವಂತ ಚಿಕ್ಕಮ್ಮ ಜೈನಬಮ್ಮನನ್ನೂ ಕರೆಯಲಿಲ್ಲ. ಅವರು ಇವತ್ತಿಗೂ ನಮ್ಮ ಹೊಸ್ತಿಲು ತುಳಿದಿಲ್ಲ. ಆದರೆ ನಿನ್ನನ್ನು ಬಿಡುವ ಯೋಚನೆ ನನ್ನ ತಲೆಗೇ ಬರಲಿಲ್ಲ. ನೀನು ಹಿಂದಿನ ದಿನವೇ ಬಂದು, ಅವಳ ಕೈಗೆ ಮದರಂಗಿ ಹಚ್ಚಿ, ನನ್ನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದೆ. ಯಾರಿಲ್ಲದೆ ಆಗುವುದಿಲ್ಲವೋ ಅವರು ಮಾತ್ರ ಇರುವುದು, ಸರಳ ಎಂದರೆ ನನಗೆ ಗೊತ್ತಿದ್ದದ್ದು ಅಷ್ಟೇ.

ಬುರ್ಖಾ ಕಂಡರೆ ಉದಯನ ಸ್ನೇಹಿತರು ಏನಾದರೂ ಅನ್ನುತ್ತಾರೆ, ಮಗನ ಹತ್ತಿರ ಜಗಳ ಬೇಡ ಎಂದು ನೀನು ಹೇಳಿದ್ದರೆ ನಾನಾಗಿಯೇ ಬರುತ್ತಿರಲಿಲ್ಲ. ಅಷ್ಟು ಹೇಳಲು ನನ್ನ ಹತ್ತಿರ ನಿನಗೆ ಎಂತ ನಾಚಿಕೆ? ಮನೆಯವರು ಮಾತ್ರ ಎಂಬ ಅಂಥ ಒಳ್ಳೆಯ ಮಾತನ್ನು ನನಗೇ ಅಡ್ಡ ಇಟ್ಟೆಯಲ್ಲ. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು, ಬರೀ ಅಳು ಬರುತ್ತದೆ.

ಸೀರೆ ಯಶಸ್ವಿಗೆ ತಲುಪಿಸು. ಯಾರು ಕೊಟ್ಟದ್ದೆಂದು ಉದಯ ಕೇಳಿದರೆ ನಿನಗೆ ತೋಚಿದ ಹೆಸರು ಹೇಳು.

ಇಂತಿ, ಇನ್ನೂ ನಿನ್ನವಳೇ ಆದ
ಮುನೀರಾ

ಮತ್ತೊಂದು ಮಾತು: ಫೋಟೋ ನೋಡಿ ಗೊತ್ತಾಯಿತೆಂದು ಬರೆದದ್ದು ಸುಳ್ಳು, ಅದು ನಿನಗೂ ಗೊತ್ತು. ಮದುವೆಯ ದಿನ ನಾನು ನಿನ್ನ ಮನೆಗೆ ಬಂದಿದ್ದೆ. ಅಂಗಳದಲ್ಲೇ ನಿಂತು ಯಶಸ್ವಿಯ ತಲೆ ಮುಟ್ಟಿ ಹೊರಟುಬಿಡುವ ಎಂದಿದ್ದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಶೀನಪ್ಪಣ್ಣ ಮದುವೆ ಹಾಲ್‌ಗೆ ದಾರಿ ತೋರಿಸಿದರು. ಅಲ್ಲಿ ಬಂದವರನ್ನು ಎದುರುಗೊಳ್ಳುತ್ತಿದ್ದ ಹೆಂಗಸೊಬ್ಬರು ನಗುತ್ತಾ, ನೀವು ಯಾರ ಕಡೆಯವರು, ಹುಡುಗಂದಾ ಹುಡುಗಿದಾ ಎಂದು ಕೇಳಿದರು. ಆಗಲೇ ನೀನು ನನ್ನನ್ನು ನೋಡಿದೆ. ನೋಡಿ ಒಳಗೆ ಹೋದೆ. ನಾನು ಹಾಲ್ ತಪ್ಪಿ ಬಂದೆ ಎಂದು ಅವರಿಗೆ ಹೇಳಿದೆ.