ಮುನಿರಾಜಣ್ಣನ ಅಳತೆಯ ಡ್ರೈವರ್

ಮುನಿರಾಜಣ್ಣಾ,

ನಿನ್ನೆ ಕಗ್ಗದಾಸಪುರದ ನಿಮ್ಮ ಮನೆಗೆ ಹೋಗಿ ಅತ್ತಿಗೆಯ ಮುಂದೆ ಮೂರು ಹಾಳೆ ಇಟ್ಟೆ. ಅದರಲ್ಲಿ ಏನಿದೆ ಅಂತ ಅವರಿಗೆ ಹೇಳುವ ಮೊದಲು ನಿಮಗೆ ಹೇಳಬೇಕಾಗಿತ್ತು. ನೀವು ಇದ್ದಾಗಲೇ ಹೇಳಬೇಕಾಗಿತ್ತು. ಹತ್ತು ತಿಂಗಳಿಂದ ಇದು ನನ್ನನ್ನು ಒಳಗೇ ತಿನ್ನುತ್ತಿದೆ ಅಣ್ಣ. ನಿಮಗೆ ಕಾಯಿಲೆ ಶುರುವಾಗಿದ್ದನ್ನು ಎಲ್ಲರಿಗಿಂತ ಮೊದಲು ಕಂಡವನು ನಾನು. ಕಂಡು ಮಾಡಿದ್ದೇನು? ನಿಮ್ಮ ಗಾಲ್ಫ್ ಕೋಲಿಗೆ ಹೊಸ ದಂಡ, ಹೊಸ ಶಾಫ್ಟ್ ಹಾಕಿಕೊಟ್ಟೆ.

ನನ್ನನ್ನು ಮೊದಲ ಸಲ ಗಾಲ್ಫ್ ಕೋರ್ಸಿಗೆ ಕರೆದುಕೊಂಡು ಹೋದ ದಿನ ನೆನಪಿದೆಯಾ? ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನಮ್ಮ ಅಪ್ಪ ಅವ್ವ ನಿಮ್ಮ ಹಿತ್ತಲಿನ ಶೀಟಿನ ಮನೆಗೆ ಬಾಡಿಗೆಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ನನಗೆ ಹತ್ತೊಂಬತ್ತು. ಕಂಡಕಂಡವರಿಗೆಲ್ಲ “ಹೌದ್ರೀ, ಬರ್ರೀ” ಅನ್ನುತ್ತಿದ್ದೆ, ನೀವು ನಿಮ್ಮ ಜೊತೆ ಚೀಲ ಹೊರುವ ಕ್ಯಾಡಿಗಳ ಮುಂದೆ ಅದನ್ನೇ ಅಣಕಿಸಿ ನಗಿಸುತ್ತಿದ್ದಿರಿ. ಅವತ್ತು ಯಾರೋ ಸಾಹೇಬರ ಕೋಲಿನ ಚೀಲವನ್ನು ನನ್ನ ಹೆಗಲಿಗೆ ಹಾಕಿ ಹೇಳಿದಿರಿ: “ಭೀಮ, ಕ್ಯಾಡಿಗೆ ಇರೋದು ಒಂದೇ ರೂಲು ಕಣ್ಲಾ. ದೂರ ಎಷ್ಟು ಅಂತ ಕೇಳಿದ್ರೆ ಹೇಳು. ಯಾವ ಕೋಲು ಅಂದ್ರೆ ಹೇಳು. ಅವ್ರ ಸ್ವಿಂಗ್ ಬಗ್ಗೆ ಮಾತ್ರ ಕೇಳ್ದೆ ಬಾಯಿ ಬಿಡ್ಬೇಡ. ಹೆಂಗ್ ಹೊಡೀತಾರೋ ಅದಕ್ಕೆ ತಕ್ಕಂಗೆ ಕೋಲು ತೆಗ್ದು ಕೊಡು.” ಆ ಒಂದು ಮಾತು ಹಿಡಿದು ಕ್ಯಾಡಿಯಾದೆ, ಕೋಲು ರಿಪೇರಿ ಕಲಿತೆ, ಕೊನೆಗೆ ಇಂದಿರಾನಗರದ ಅಂಗಡಿಯಲ್ಲಿ ಆಡುವವರ ಅಳತೆಗೆ ಕೋಲು ಹೊಂದಿಸುವ ಫಿಟ್ಟರ್ ಆಗಿ ಕೂತೆ. ಆಡುವವರ ತಪ್ಪು ಎತ್ತಿ ಆಡದ ಫಿಟ್ಟರ್ ಅಂತ ನನಗೆ ಒಳ್ಳೇ ಹೆಸರೂ ಬಂತು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನೀವು ಚೀಲ ಹೊರುವುದು ಬಿಟ್ಟಿರಲ್ಲ, ಆಗ ಕ್ಯಾಡಿಗಳೆಲ್ಲ ಸೇರಿ ನಿಮಗೊಂದು ಹೊಸ ಡ್ರೈವರ್ ಕೋಲು ಕೊಡಿಸುವುದು ಅಂತಾಯಿತು. ಕೋರ್ಸಿಗೆ ರಜೆ ಇರುವ ಸೋಮವಾರ ನಮ್ಮ ಆಟ. ನಲವತ್ತು ವರ್ಷ ಆ ಸೋಮವಾರಗಳಲ್ಲಿ ನೀವು ಆಡಿದ್ದು ಸಾಹೇಬರು ಬೇಡ ಅಂತ ಕೊಟ್ಟ ಕೋಲುಗಳಲ್ಲಿ. ಆರಡಿ ಆಳುಗಳಿಗೆ ಮಾಡಿದ ಕೋಲು. ಐದಡಿ ಮೂರಿಂಚಿನ ನೀವು ಗ್ರಿಪ್ಪಿನ ಮೇಲ್ತುದಿ ಬಿಟ್ಟು ಕೆಳಗೆ ಹಿಡಿದು ಹೊಡೆಯುತ್ತಿದ್ದಿರಿ, ಆದರೂ ನಮ್ಮೆಲ್ಲರಿಗಿಂತ ದೂರ. ನಿಮ್ಮದೇ ಅಳತೆಗೆ ಮಾಡಿದ ಮೊದಲ ಕೋಲನ್ನು ನನ್ನ ಕೈಯಾರೆ ಕೊಡುತ್ತೀನಿ ಅಂತ ನನಗೆ ಎಷ್ಟು ಜಂಬ ಇತ್ತು ಗೊತ್ತಾ?

ಅಂಗಡಿಗೆ ನೀವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿರಿ, ಹೆಣ್ಣು ನೋಡೋಕೆ ಬಂದವರ ಹಾಗೆ. ಚೆಂಡಿನ ಹಿಂದೆ ಇಟ್ಟಿದ್ದ ವೇಗ ಅಳೆಯುವ ಮಷಿನ್ ನೋಡಿ, “ಈ ಡಬ್ಬ ನಂಗೇನ್ಲಾ ಹೇಳ್ಕೊಡ್ತದೆ?” ಅಂದಿರಿ. ಕೋಲಿನ ತುದಿಗೆ ಕೂರಿಸಿದ ಮೊದಲನೇ ಹೆಡ್ ತೀರಾ ದಪ್ಪ, ಕುಂಬಳಕಾಯಿ ಹಾಗಿದೆ ಅಂದಿರಿ. ಎರಡನೆಯದರಲ್ಲಿ ಹೊಡೆದರೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಶಬ್ದ ಬರುತ್ತೆ, ಬೇಡ. ಮೂರನೆಯದನ್ನು ಹತ್ತು ಸಲ ಹೊಡೆದು ಮಾತೇ ಆಡಲಿಲ್ಲ, ಇದೇ ನಿಮ್ಮ ಕೋಲು ಅಂತ ಆಗಲೇ ನನಗೆ ಗೊತ್ತಾಯಿತು. ಶಾಫ್ಟ್ ಒಂದೂವರೆ ಇಂಚು ಕತ್ತರಿಸಿ, ನಿಮ್ಮ ಸಣ್ಣ ಅಂಗೈಗೆ ಸರಿಯಾಗಿ ಗ್ರಿಪ್ ಕೂರಿಸಿದೆ. ಪರದೆ ಮೇಲೆ ನಿಮ್ಮ ಸ್ವಿಂಗಿನ ವೇಗ ಗಂಟೆಗೆ ಎಂಬತ್ತೈದು ಮೈಲಿ. ಅರವತ್ತೆರಡು ವರ್ಷದ ಮನುಷ್ಯನಿಗೆ! ಅಂಗಡಿಗೆ ಬಂದಿದ್ದ ಗಿರಾಕಿಗಳೂ ನಿಂತು ನೋಡಿದರು. ತಾರೀಕಿನ ಜೊತೆ ಆ ಅಂಕಿಯನ್ನು ಪ್ರಿಂಟ್ ತೆಗೆದಿಟ್ಟೆ, ಅದೇ ಮೊದಲನೇ ಹಾಳೆ.

ಮಾರ್ಚಿನಲ್ಲಿ ಮತ್ತೆ ಬಂದಿರಿ, ಕೋಪದಲ್ಲಿ. “ನಿನ್ ಕೋಲು ಕೆಟ್ಟೋಗದೆ ಭೀಮ. ಚೆಂಡೆಲ್ಲ ಬಲಕ್ಕೆ ಓಡ್ತದೆ.” ಹೊಡೆಸಿ ನೋಡಿದೆ. ಎಪ್ಪತ್ತಾರು. ಎಡಗೈ ತಿರುಗುತ್ತಿರಲಿಲ್ಲ, ಹೆಡ್ಡಿನ ಮುಖ ತೆರೆದೇ ಚೆಂಡಿಗೆ ಬರುತ್ತಿತ್ತು. ಎರಡು ತಿಂಗಳಲ್ಲಿ ಒಂಬತ್ತು ಮೈಲಿ ಯಾರಿಗೆ ಇಳಿಯುತ್ತೆ ಅಣ್ಣ? ಈ ಪ್ರಶ್ನೆ ಅವತ್ತೇ ತಲೆಗೆ ಬಂತು, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಕೇಳೋಣ ಅಂತ ಬಾಯಿ ತೆರೆದೆ ಕೂಡ. ಕ್ಯಾಡಿಗಳ ಗುರುವಿಗೆ ‘ನಿಮ್ಮ ಕೈ ಸರಿ ಇಲ್ಲ’ ಅಂತ ಅನ್ನುವುದಾದರೂ ಹೇಗೆ ಅನ್ನಿಸಿ ಸುಮ್ಮನಾದೆ. ಹಗುರವಾದ ಶಾಫ್ಟ್ ಹಾಕಿದೆ. ಕೈ ಜಾರುತ್ತೆ ಅಂದಿರಿ, ಗ್ರಿಪ್ಪಿನ ಕೆಳಗೆ ಇನ್ನೆರಡು ಸುತ್ತು ಟೇಪು ಸುತ್ತಿ ದಪ್ಪ ಮಾಡಿದೆ. ಚೆಂಡು ನೇರ ಹೋಯಿತು, ನಿಮ್ಮ ಕೋಪವೂ ಇಳಿಯಿತು. ನಾನು ಎರಡನೇ ಹಾಳೆಯನ್ನು ಮೊದಲನೆಯದರ ಜೊತೆ ಸೇರಿಸಿಟ್ಟು ಚಹಾ ತರಿಸಿದೆ.

ಮೇ ತಿಂಗಳು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯ ಆಗುತ್ತೆ. ಚೆಂಡು ಕೂರಿಸುವ ಆ ಸಣ್ಣ ಟೀಯನ್ನು ಮ್ಯಾಟಿನ ತೂತಿಗೆ ಸಿಕ್ಕಿಸೋಕೆ ನಿಮಗೆ ಆಗಲಿಲ್ಲ. ಎರಡು ಸಲ ಬಿತ್ತು. ಮೂರನೇ ಸಲ ನಾನೇ ಬಗ್ಗಿ ಇಟ್ಟುಕೊಟ್ಟೆ, ನೀವು ಬೇರೆ ಕಡೆ ನೋಡುತ್ತಿದ್ದಿರಿ. ಅರವತ್ತೆಂಟು, ಮೂರನೇ ಹಾಳೆ. ಇಷ್ಟಾದರೂ ನನ್ನ ಕೈ ಹೋಗಿದ್ದು ಸ್ಕ್ರೂ ತಿರುಗಿಸುವ ಕೀಲಿಗೆ. ಹೆಡ್ಡಿನ ತೂಕವನ್ನು ಶಾಫ್ಟ್ ಸೇರುವ ಬದಿಗೆ ಸರಿಸಿದೆ, ಅದರ ಮುಖವನ್ನು ಇನ್ನಷ್ಟು ಮೇಲಕ್ಕೆ ಓರೆ ಮಾಡಿದೆ. ಹೊಡೆದಿರಿ. ನೇರವಾಗಿ, ಎತ್ತರಕ್ಕೆ, ಎಂಥ ಚೆಂದದ ಹೊಡೆತ ಅದು! “ನನ್ ಕೈ ವಾಪಸ್ ತಂದ್ಕೊಟ್ಬಿಟ್ಟೆ ಕಣ್ಲಾ” ಅಂತ ನನ್ನ ಬೆನ್ನಿಗೆ ಗುದ್ದಿದಿರಿ. ನಾನು ನಕ್ಕೆ. ಆಗ ನನಗೆ ನಿಜವಾಗಿ ಸಂತೋಷವೇ ಆಯಿತಲ್ಲ, ಅದನ್ನು ಹೇಗೆ ಮರೆಯಲಿ?

ಜೂನಿನಲ್ಲಿ ನೀವು ಬಚ್ಚಲಲ್ಲಿ ಬಿದ್ದಿರಿ. ಆಸ್ಪತ್ರೆಯಲ್ಲಿ ತಲೆಯ ಬಲಭಾಗದಲ್ಲಿ ಗೆಡ್ಡೆ ಅಂದರು. ನಿಮಗೆ ಎಚ್ಚರ ಇರಲಿಲ್ಲ, ಆದ್ದರಿಂದ ಈ ಭಾಗ ನಿಮಗೆ ಗೊತ್ತಿಲ್ಲ. ಡಾಕ್ಟರು ಕೇಳಿದರು, “ಎಡಗೈ ಯಾವಾಗಿಂದ ವೀಕ್ ಆಗಿದೆಮ್ಮಾ?” ಅತ್ತಿಗೆ ಸೆರಗಿನ ತುದಿ ಹಿಡಿದು, “ಒಂದ್ ಹದಿನೈದ್ ದಿನ ಆಗಿರ್ಬೋದು ಸಾರ್” ಅಂದರು. ಡಾಕ್ಟರು ಬರೆದುಕೊಳ್ಳುತ್ತಾ, ಸ್ವಲ್ಪ ಮೊದಲೇ ಬಂದಿದ್ದರೆ… ಅಂದು ಅಷ್ಟಕ್ಕೇ ನಿಲ್ಲಿಸಿದರು. ನಾನು ಅತ್ತಿಗೆಯ ಪಕ್ಕದಲ್ಲೇ ನಿಂತಿದ್ದೆ. ಹದಿನೈದು ದಿನ ಅಲ್ಲ, ಮೂರು ತಿಂಗಳ ಮೇಲಾಯಿತು, ತಾರೀಕಿನ ಸಮೇತ ನನ್ನ ಹತ್ತಿರ ಇದೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಆಗಸ್ಟಿನಲ್ಲಿ ನೀವು ಹೊರಟೇ ಹೋದಿರಿ.

ಅಲ್ಲಿಗೇ ಮುಗಿದಿದ್ದರೆ ಈ ಭಾರವನ್ನು ನಾನೊಬ್ಬನೇ ಹೊತ್ತುಕೊಂಡು ಹೇಗೋ ಇರುತ್ತಿದ್ದೆ. ಆದರೆ ಅತ್ತಿಗೆ ಇದ್ದಾರಲ್ಲ. ತಿಥಿಗೆ ಬಂದವರು, ಅಕ್ಕಪಕ್ಕದವರು, ಹಾಲಿನವನು, ಯಾರೇ ಸಿಕ್ಕರೂ ಅವರದು ಒಂದೇ ಮಾತು. “ಪಕ್ಕದಲ್ಲೇ ಮಲಗೋಳು ನಾನು, ನಂಗೇ ಗೊತ್ತಾಗ್ಲಿಲ್ಲ. ನಾನೇ ಕಳ್ಕೊಂಡೆ.” ಊಟ ಅರ್ಧಕ್ಕರ್ಧ ಆಗಿದೆ. ಪ್ರತಿ ಸಲ ಆ ಮಾತು ಕೇಳಿ, “ನಿಮ್ದೇನೂ ತಪ್ಪಿಲ್ಲ ಬಿಡಿ ಅತ್ತಿಗೆ” ಅಂತ ಸಮಾಧಾನ ಹೇಳುತ್ತಿದ್ದವನು ಯಾರು ಅಂದುಕೊಂಡಿರಿ? ನಾನೇ.

ಹೋದ ವಾರ ಅಂಗಡಿಗೆ ಒಬ್ಬ ರಿಟೈರ್ಡ್ ಕರ್ನಲ್ ಬಂದರು, ಹಲಸೂರು ಕೆರೆ ಕಡೆಯವರು, ಹೊಸ ಡ್ರೈವರ್ ಬೇಕು ಅಂತ. ಹೋದ ಸಲಕ್ಕಿಂತ ವೇಗ ಏಳು ಮೈಲಿ ಕಡಿಮೆ. “ಸಾರ್, ಡ್ರೈವರ್ ಆಮೇಲೆ ಕೊಡ್ತೀನಿ, ಮೊದ್ಲು ಡಾಕ್ಟರಿಗೆ ತೋರಿಸ್ಕೊಂಡ್ ಬನ್ನಿ” ಅಂದುಬಿಟ್ಟೆ. “ನೀನು ಫಿಟ್ಟರ್ರಾ, ಕಾಂಪೌಂಡರ್ರಾ?” ಅಂತ ಅಂಗಡಿ ಹಾರಿಹೋಗುವ ಹಾಗೆ ಕೂಗಾಡಿ ಹೋದರು. ನಾಲ್ಕು ದಿನ ಬಿಟ್ಟು ಫೋನು. ಸ್ಕ್ಯಾನು, ರಕ್ತ, ಎಲ್ಲಾ ಮಾಡಿಸಿದರಂತೆ. ಏನೂ ಇಲ್ಲ, ಭುಜ ಹಿಡಿದುಕೊಂಡಿದೆ ಅಷ್ಟೇ. ನನಗೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಮಂಗಳಾರತಿ ಆಯಿತು. ಅಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ ಅಣ್ಣ. ಎರಡು ಸಲ ನೋಡಿದ ಮನುಷ್ಯನಿಗೆ ಹೇಳೋಕೆ ಬಾಯಿ ಬಂದ ಮೇಲೆ ಅತ್ತಿಗೆಗೆ ಹೇಳೋಕೆ ಏನು ಧಾಡಿ?

ನಿನ್ನೆ ಹೊರಟಿದ್ದು ಹೀಗೆ. ಮೂರು ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡೆ. ಧೈರ್ಯ ಸಾಲದೆ ಮೊದಲು ತಿರುಗಿ ಶಿವಾಜಿನಗರಕ್ಕೆ ಹೋದೆ, ಅತ್ತಿಗೆಗೆ ಹಣ್ಣು ತಗೊಳ್ಳೋಣ ಅನ್ನುವ ನೆಪ. ರಸೆಲ್ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ಸಪೋಟ ಒತ್ತಿ ಒತ್ತಿ ನೋಡಿದೆ. “ಅರೆ ಭಾಯಿ, ಲೇನಾ ಹೈ ಯಾ ಖಾಲಿ ದಬಾನಾ ಹೈ?” ಕೊಳ್ತೀಯಾ, ಬರೀ ಒತ್ತುತ್ತೀಯಾ ಅಂತ ಹಣ್ಣಿನವನು ರೇಗಿದ. ಕಗ್ಗದಾಸಪುರದ ರೈಲ್ವೆ ಗೇಟು ಹಾಕಿತ್ತು. ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು, ನಾನೊಬ್ಬ ಮಾತ್ರ ಗೇಟು ತೆಗೆಯದಿರಲಿ ಅಂತಿದ್ದೆ.

ಅತ್ತಿಗೆ ಅಕ್ಕಿ ಆರಿಸುತ್ತಿದ್ದರು. ಅವರಿಗೆ ಗಾಲ್ಫಿನ ಗಂಧಗಾಳಿ ಇಲ್ಲವಲ್ಲ, ಎಲ್ಲಾ ಮೊದಲಿನಿಂದ ಹೇಳಬೇಕಾಯಿತು. ಡ್ರೈವರ್ ಅಂದರೆ ಮೊದಲನೇ ಹೊಡೆತಕ್ಕೆ ಹಿಡಿಯುವ ಎಲ್ಲಕ್ಕಿಂತ ಉದ್ದದ ಕೋಲು, ಈ ಅಂಕಿ ಅಣ್ಣನ ಕೈಯ ವೇಗ, ಇದು ಜನವರಿ, ಇದು ಮಾರ್ಚ್, ಇದು ಮೇ. “ನಂಗೆ ಮಾರ್ಚಿನಲ್ಲೇ ಗೊತ್ತಾಗಿತ್ತು ಅತ್ತಿಗೆ. ಕೈ ಸೋಲ್ತಿದೆ ಅಂತ ಕಂಡೂ ನಾನು ಕೋಲು ಸರಿ ಮಾಡ್ದೆ. ಆಸ್ಪತ್ರೇಲೂ ಬಾಯಿ ಬಿಡ್ಲಿಲ್ಲ. ನೀವು ನಿಮ್ಮನ್ನ ಬೈಕೋಬೇಡಿ, ನನ್ನ ಬೈರಿ.” ಬಾಗಿಲು ತೋರಿಸುತ್ತಾರೆ ಅಂತಲೇ ಚಪ್ಪಲಿಯನ್ನು ಹೊಸ್ತಿಲ ಹತ್ತಿರವೇ ಬಿಟ್ಟಿದ್ದೆ.

ಅವರು ಹಾಳೆಗಳನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಮೊರ ಪಕ್ಕಕ್ಕಿಟ್ಟು, ನನ್ನ ಮುಖ ನೋಡದೆ ಹೇಳಿದರು. “ಅಂಗಿ ಗುಂಡಿ ನಾನೇ ಹಾಕ್ತಿದ್ದೆ ಕಣೋ.”

ನನಗೆ ಅರ್ಥವಾಗಲಿಲ್ಲ.

“ಮಾರ್ಚಿಂದಾನೇ. ಯುಗಾದಿ ದಿನ ಹೊಸ ಅಂಗಿ ಗುಂಡಿ ಹಾಕ್ಕೊಳೋಕೆ ಒದ್ದಾಡ್ತಿದ್ರು. ಹಾಕ್ಕೊಟ್ಟೆ. ಮಾರನೇ ದಿನಾನೂ ಹಾಕ್ಕೊಟ್ಟೆ. ವಯಸ್ಸಾಯ್ತು ಅಂತ ನಾನೂ ಅಂದ್ಕೊಂಡೆ, ಅವ್ರೂ ಏನೂ ಅನ್ಲಿಲ್ಲ. ಡಾಕ್ಟ್ರು ಕೇಳಿದಾಗ ಇಷ್ಟು ದಿನ ನೋಡ್ಕೊಂಡ್ ಸುಮ್ನಿದ್ಲು ಅಂತಾರಲ್ಲ ಅನ್ನೋ ಭಯಕ್ಕೆ ಹದಿನೈದ್ ದಿನ ಅಂದ್ಬಿಟ್ಟೆ.” ಹಾಳೆಗಳನ್ನು ಮತ್ತೆ ಕೈಗೆತ್ತಿಕೊಂಡು, “ನಾನೊಬ್ಳೇ ಅಂದ್ಕೊಂಡಿದ್ದೆ” ಅಂದರು.

ಅತ್ತರು ಅಣ್ಣ. ನಾನೂ ಅತ್ತೆ. ನಿಮ್ಮ ಮೇಲೂ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಅಂಗಡಿಯಲ್ಲಿ ನನ್ನ ಕೈಯಲ್ಲಿ ಕೋಲು ಬದಲಾಯಿಸಿಕೊಂಡು, ಮನೆಯಲ್ಲಿ ಅವರ ಕೈಯಲ್ಲಿ ಗುಂಡಿ ಹಾಕಿಸಿಕೊಂಡು, ನೀವಾದರೂ ಒಂದು ಮಾತು… ಇರಲಿ. ಹೆದರಿಕೆ ನಿಮಗೂ ಇತ್ತೇನೋ.

ನನ್ನ ತಪ್ಪನ್ನು ಅವರು ಕ್ಷಮಿಸಲಿಲ್ಲ, ನಾನು ಕೇಳಲೂ ಇಲ್ಲ. ಹೊರಡುವಾಗ ಹಾಳೆಗಳನ್ನು ಮಡಿಸಿ ನನ್ನ ಕೈಗೇ ಕೊಟ್ಟು, “ಆ ಡಾಕ್ಟ್ರ ಹತ್ರ ಹೋಗೋಣ ನಡಿ. ನಿಜ ಹೇಳಿ, ಮಾರ್ಚಿನಲ್ಲೇ ಬಂದಿದ್ರೆ ಉಳೀತಿದ್ರಾ ಅಂತ ಕೇಳೇಬಿಡೋಣ. ಒಬ್ಳೇ ಕೇಳೋಕೆ ನಂಗೆ ಧೈರ್ಯ ಇಲ್ಲ” ಅಂದರು. ನನಗೂ ಇಲ್ಲ. ಬುಧವಾರಕ್ಕೆ ಟೈಮ್ ತಗೊಂಡಿದ್ದೀನಿ. ಉಳಿಯುತ್ತಿದ್ದರು ಅಂದರೂ ಸರಿ, ಇಲ್ಲ ಅಂದರೂ ಸರಿ, ಇಬ್ಬರೂ ಪಕ್ಕಪಕ್ಕ ಕೂತು ಕೇಳಿಸಿಕೊಳ್ಳುತ್ತೀವಿ ಅಣ್ಣ.

ನಿಮ್ಮ
ಭೀಮರಾಯ