ಪಟ್ಟಿಯ ಕೊನೆಯ ಸಾಲು

ಬುಧವಾರ, 12 ನವೆಂಬರ್ 1997, ಚಿಕ್ಕಬಳ್ಳಾಪುರ

ಇವತ್ತೂ ಅದೇ ಪ್ರಿಂಟರ್ ತಲೆನೋವು. ಐದು ವರ್ಷ ಏನನ್ನೂ ಬದಲಾಯಿಸದೆ ನೋಡಿಕೊಳ್ಳುತ್ತೇವೆ ಎಂದು ಮಾತು ಕೊಟ್ಟು ನಮ್ಮ ಕಂಪನಿ ಈ ಆಪರೇಟಿಂಗ್ ಸಿಸ್ಟಮ್ ಮಾರಿತು. ಅದರೊಳಗೆ ತುರುಕಿದ್ದು ಮಾತ್ರ ಬಿಡುಗಡೆಯೇ ಆಗದಿದ್ದ, ಅರೆಬೆಂದ ಪ್ರಿಂಟಿಂಗ್ ಲೈಬ್ರರಿ, ಅಂದರೆ ಮುದ್ರಣ ನೋಡಿಕೊಳ್ಳುವ ಪ್ರೋಗ್ರಾಂ. ಅದು ಪ್ರತಿ ಪಟ್ಟಿಯ ಕೊನೆಯ ಸಾಲನ್ನು ನುಂಗುತ್ತದೆ. ಸರಿಮಾಡಿದ ಲೈಬ್ರರಿ ಬಂದು ವರ್ಷವಾಯಿತು. ಹಾಕುವಂತಿಲ್ಲ, ಮಾತು ಕೊಟ್ಟಿದ್ದೇವಲ್ಲ!

ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ರೀಲರುಗಳ ಸಂಘಕ್ಕೆ ಕಂಪ್ಯೂಟರ್ ರಿಪೇರಿಗೆಂದು ಹೋದವನು ಯಾರಿಗೂ ಹೇಳದೆ ಫ್ಲಾಪಿಯಿಂದ ಹೊಸ ಲೈಬ್ರರಿಯನ್ನು ಹಾಕಿಬಿಟ್ಟೆ. ಮಧ್ಯಾಹ್ನ ಸಂಘದ ಸಭೆ. ಕಾರ್ಯದರ್ಶಿ ರಾಮಾಂಜಿನಪ್ಪ ಪಟ್ಟಿ ಹಿಡಿದು ಹಾಜರಿ ಕೂಗುತ್ತಾ ಬಂದವರು ಕೊನೆಗೆ "ಕಲಂದರ್ ಸಾಬ್" ಎಂದರು.

ಪಟ್ಟಿ ಟೈಪ್ ಮಾಡುವ ನೂರುನ್ನೀಸಾಳ ಕಡೆ ತಿರುಗಿದರು. "ಏನಮ್ಮಾ ಇದು? ನಿಮ್ಮ ತಂದೆ ಹೋಗಿ ಮೂರು ವರ್ಷ ಆಯ್ತಲ್ಲ?"

"ಕೊನೇ ಸಾಲು ಹೆಂಗೂ ಮಿಷನ್ ತಿಂದಾಕುತ್ತೆ ಸಾರ್. ಬದುಕಿರೋರ ಹೆಸರು ಯಾಕೆ ಹೋಗಬೇಕು ಅಂತ ಕೊನೇಲಿ ನಮ್ಮ ಅಬ್ಬಾ ಹೆಸರು ಹಾಕ್ತಿದ್ದೆ."

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಹೊರಡುವಾಗ, ಹಳೆಯ ಲೈಬ್ರರಿಯನ್ನೇ ವಾಪಸ್ ಹಾಕಲೇ ಎಂದು ಅವಳನ್ನು ಕೇಳಿದೆ. ಅವಳು ಆ ಹಾಳೆಯನ್ನು ಜೋಪಾನವಾಗಿ ಮಡಚುತ್ತಿದ್ದಳು.

"ಬೇಡ ಸಾರ್. ಎರಡು ವರ್ಷದಿಂದ ಟೈಪ್ ಮಾಡ್ತಿದೀನಿ. ಕಾಗದದ ಮೇಲೆ ಇವತ್ತೇ ನೋಡಿದ್ದು."

ಕಂಪನಿಗೆ ಕಳಿಸುವ ವರದಿಯಲ್ಲಿ "ಬದಲಾವಣೆ ಏನೂ ಇಲ್ಲ" ಎಂದು ತುಂಬಬೇಕು. ಆಗಿನಿಂದ ಪೆನ್ನು ಹಿಡಿದು ಈ ದಿನಚರಿಯನ್ನೇ ಬರೆಯುತ್ತಾ ಕೂತಿದ್ದೇನೆ. ವರದಿಯ ಆ ಸಾಲು ಇನ್ನೂ ಖಾಲಿ ಇದೆ.